ತಾಲೀಮಿನ ಬಾಗಿಲು

ಮುಂಬೈಯ ಜುಬಿನ್ ಮೆಹ್ತಾ ಸಂಗೀತ ಕಲಿಯಲು ವಿಯೆನ್ನಾಕ್ಕೆ ಹೋದದ್ದು 1954ರಲ್ಲಿ. ಆಗ ಅವರಿಗೆ 18 ವರ್ಷ. ಅಲ್ಲಿನ ಸಂಗೀತ ಅಕಾಡೆಮಿಯಲ್ಲಿ ಹಾನ್ಸ್ ಸ್ವಾರೋವ್‌ಸ್ಕಿಯವರ ಬಳಿ ಆರ್ಕೆಸ್ಟ್ರಾ ನಡೆಸುವ ವಿದ್ಯೆ ಕಲಿಯತೊಡಗಿದರು. 1956ರ ಬೇಸಿಗೆಯಲ್ಲಿ ಇಟಲಿಯ ಸಿಯೆನಾದಲ್ಲಿ ನಡೆದ ಶಿಬಿರದಲ್ಲಿ ಮಿಲಾನಿನ ತರುಣ ಕ್ಲಾಡಿಯೊ ಅಬ್ಬಾಡೊ ಪರಿಚಯವಾದರು. ಅಬ್ಬಾಡೊ ಕೂಡ ವಿಯೆನ್ನಾಕ್ಕೆ ಬಂದು ಅದೇ ಗುರುವಿನ ಶಿಷ್ಯರಾದರು.

ಇಬ್ಬರಿಗೂ ಒಂದೇ ಕೊರತೆ ಕಾಡುತ್ತಿತ್ತು. ಕಛೇರಿಗಳಿಗೇನೂ ಆ ಊರಲ್ಲಿ ಬರವಿರಲಿಲ್ಲ. ಮ್ಯೂಸಿಕ್‌ಫೆರೈನ್ ಸಭಾಂಗಣದಲ್ಲಿ ಹಿಂದೆ ನಿಂತು ಕೇಳುವವರಿಗೆ ಅಗ್ಗದ ಟಿಕೆಟ್ ಸಿಗುತ್ತಿತ್ತು. ಆದರೆ ಬ್ರೂನೊ ವಾಲ್ಟರ್, ಹರ್ಬರ್ಟ್ ಫಾನ್ ಕಾರಾಯಾನ್ ಅವರಂಥ ದೊಡ್ಡವರು ಆ ಕಛೇರಿಗಳನ್ನು ಕಟ್ಟುತ್ತಿದ್ದ ತಾಲೀಮಿಗೆ ಹೊರಗಿನವರಿಗೆ ಪ್ರವೇಶವಿರಲಿಲ್ಲ. ಆ ಲೆಕ್ಕದಲ್ಲಿ ವಿದ್ಯಾರ್ಥಿಗಳೂ ಹೊರಗಿನವರೇ. ಅದೇ ಸಭಾಂಗಣಕ್ಕೆ ಸೇರಿದಂತೆ ಸಿಂಗ್‌ಫೆರೈನ್ ಎಂಬ ಗಾಯಕವೃಂದವೊಂದಿತ್ತು. 1858ರಲ್ಲಿ ಶುರುವಾದ, ಹವ್ಯಾಸಿಗಳೇ ಹಾಡುವ ವೃಂದ. ಆರ್ಕೆಸ್ಟ್ರಾದ ಜೊತೆಗೆ ಹಾಡುಗಾರರೂ ಬೇಕಾದ ದೊಡ್ಡ ಕೃತಿಗಳಿಗೆ ಇವರನ್ನು ಕರೆಯುತ್ತಿದ್ದರು. ಮೆಹ್ತಾ ಮತ್ತು ಅಬ್ಬಾಡೊ ಆ ವೃಂದ ಸೇರಿ, ತಗ್ಗು ದನಿಯವರ ಬೇಸ್ ಸಾಲಿನಲ್ಲಿ ನಿಂತರು. ಹಾಡುವವರನ್ನೇ ತಾಲೀಮಿನಿಂದ ಹೊರಗೆ ಕಳಿಸುವಂತಿಲ್ಲವಲ್ಲ!

ಈ ಪ್ರಸಂಗವನ್ನು ಇಬ್ಬರು ಹುಡುಗರ ತುಂಟತನವೆಂಬಂತೆ ಹೇಳುವುದು ವಾಡಿಕೆ. ನನಗೆ ಅದರಲ್ಲಿ ಒಂದು ಹಳೆಯ ಪ್ರಶ್ನೆ ಕಾಣುತ್ತದೆ. ಕಲಿಯುವವನಿಗೆ ಮುಗಿದ ಕೆಲಸವನ್ನು ತೋರಿಸಿದರೆ ಸಾಕೇ, ಕೆಲಸ ನಡೆಯುವಾಗಲೂ ಒಳಗೆ ಬಿಡಬೇಕೇ? ಬಿಟ್ಟರೆ ಆ ಕೆಲಸ ಮೊದಲಿನಂತೆಯೇ ನಡೆಯುತ್ತದೆಯೇ? ಪಾಶ್ಚಾತ್ಯ ಸಂಗೀತದಲ್ಲಿ ಈ ಪ್ರಶ್ನೆಗೆ ಒಂದೂವರೆ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಅದರಲ್ಲಿ ಮೈಸೂರಿನ ಪಾಲೂ ಸ್ವಲ್ಪ ಇದೆ.

ಮೊದಲು ಆರ್ಕೆಸ್ಟ್ರಾ ಎಂದರೇನು ಎಂಬುದನ್ನು ಸ್ಪಷ್ಟ ಮಾಡಿಕೊಳ್ಳೋಣ. ನಮ್ಮೂರ ಗಣೇಶೋತ್ಸವದಲ್ಲಿ ಸಿನಿಮಾ ಹಾಡು ಹಾಡುವ ಆರ್ಕೆಸ್ಟ್ರಾ ಬೇರೆ. ಇಲ್ಲಿ ಹೇಳುತ್ತಿರುವುದು ಪಿಟೀಲು, ವಿಯೋಲಾ, ಚೆಲ್ಲೊ, ಕೊಳಲು, ಓಬೊ, ತುತ್ತೂರಿ, ನಗಾರಿ ಎಲ್ಲ ಸೇರಿ 80 ಜನರವರೆಗೂ ಕೂತು, ಬರೆದಿಟ್ಟ ಸಂಗೀತವನ್ನು ನುಡಿಸುವ ಮೇಳ. ಎದುರಿಗೆ ಪುಟ್ಟ ಕೋಲು ಹಿಡಿದು ನಿಲ್ಲುವವರು ಕಂಡಕ್ಟರ್. ಆ ಮೇಳದಲ್ಲಿ ಒಂದು ಸ್ವರವನ್ನೂ ನುಡಿಸದ ಮನುಷ್ಯ ಅವರೊಬ್ಬರೇ.

ಕಂಡಕ್ಟರ್ ವಿದ್ಯೆಯ ಕಷ್ಟ ಇಲ್ಲೇ ಇದೆ. ಪಿಟೀಲು ಕಲಿಯುವವಳು ಮನೆಯಲ್ಲಿ ಕೂತು ದಿನಕ್ಕೆ ಆರು ಗಂಟೆ ಅಭ್ಯಾಸ ಮಾಡಬಹುದು. ಕಂಡಕ್ಟರ್ ಆಗಬೇಕಾದವನ ವಾದ್ಯವೆಂದರೆ ಆ 80 ಜನ. ಅವರನ್ನು ಮನೆಗೆ ತರಲಾಗದು. ಕಛೇರಿಗೆ ಹೋಗಿ ನೋಡಿದರೆ ಕಾಣುವುದು ಕಂಡಕ್ಟರರ ಬೆನ್ನು ಮತ್ತು ಅವರ ಕೈಯ ಓಡಾಟ. ನಿಜವಾದ ಕೆಲಸದ ಬಹುಪಾಲು ಅದಕ್ಕೂ ಮೊದಲೇ ಮುಗಿದಿರುತ್ತದೆ. ಎಲ್ಲಿ ನಿಲ್ಲಿಸಿದರು, ಯಾಕೆ ನಿಲ್ಲಿಸಿದರು, ಓಬೊದವರಿಗೆ ಏನು ಹೇಳಿದರು, ಪಿಟೀಲಿನ ಕಮಾನು ಮೇಲಿಂದ ಕೆಳಗೆ ಬರಲಿ ಎಂದರೋ ಕೆಳಗಿಂದ ಮೇಲಕ್ಕೆ ಹೋಗಲಿ ಎಂದರೋ, ಹೇಳಿದ್ದು ಮೂರನೇ ಸಲಕ್ಕೂ ಬರದಿದ್ದಾಗ ಏನು ಮಾಡಿದರು, ಯಾವುದನ್ನು ಕಂಡೂ ಕಾಣದಂತೆ ಬಿಟ್ಟರು. ಇದಾವುದೂ ಕಛೇರಿಯ ದಿನ ಗೊತ್ತಾಗುವುದಿಲ್ಲ.

ಗಾಯಕವೃಂದ ಸೇರಿದ್ದರಿಂದ ಆ ಇಬ್ಬರಿಗೆ ಇನ್ನೂ ಒಂದು ಲಾಭವಾಯಿತು. ಹಾಡುಗಾರರು ನಿಲ್ಲುವುದು ಆರ್ಕೆಸ್ಟ್ರಾದ ಹಿಂದೆ, ಕಂಡಕ್ಟರಿಗೆ ಮುಖಮಾಡಿ. ಸಭಿಕರಿಗೆ ಎಂದೂ ಕಾಣದ ಮುಖ, ಕಣ್ಣು, ಬಾಯಿ ಅವರಿಗೆ ನೇರವಾಗಿ ಕಾಣುತ್ತಿತ್ತು. ಟಿಕೆಟ್ ಕೊಟ್ಟು ಕೂತವರಿಗೆ ಇದು ಸಿಗುವುದಿಲ್ಲ.

ತಾಲೀಮಿಗೆ ಇಷ್ಟು ಮಹತ್ವ ಬಂದದ್ದು 19ನೇ ಶತಮಾನದಲ್ಲಿ. ಬೀಥೋವನ್ನನ ಒಂಬತ್ತನೇ ಸಿಂಫನಿ 1824ರ ಮೇ 7ರಂದು ಇದೇ ವಿಯೆನ್ನಾದಲ್ಲಿ ಮೊದಲ ಸಲ ನುಡಿದಾಗ, ಅದಕ್ಕೂ ಮುಂಚೆ ಎಲ್ಲರೂ ಸೇರಿ ಮಾಡಿದ ಪೂರ್ಣ ತಾಲೀಮು ಎರಡೇ ಎರಡು. ಗಾಯಕವೃಂದವೂ ಸೇರಿದ, ಒಂದು ಗಂಟೆಗೂ ಮೀರಿದ, ಅದುವರೆಗೆ ಯಾರೂ ಕೇಳಿರದ ಕೃತಿಯದು. ಆ ಕಾಲಕ್ಕೆ ಅದು ಅಂಥ ಅಚ್ಚರಿಯ ಸಂಗತಿಯೂ ಆಗಿರಲಿಲ್ಲ. ಮುಂದೆ ಕೃತಿಗಳು ಉದ್ದವಾದವು, ಮೇಳ ದೊಡ್ಡದಾಯಿತು, ಬರೆದದ್ದು ಕಠಿಣವಾಯಿತು. ಒಬ್ಬ ಪಿಟೀಲುಗಾರ ಕಮಾನು ಬೀಸಿ ಎಲ್ಲರನ್ನೂ ಹಿಡಿದಿಡುವ ಹಳೆಯ ಪದ್ಧತಿ ಸಾಲದೆ ಹೋಯಿತು. ಕೋಲು ಹಿಡಿದ ಕಂಡಕ್ಟರ್ ಬಂದರು. ಹಾಳೆಯ ಮೇಲೆ ಅಲ್ಲಲ್ಲಿ ದೊಡ್ಡ ಅಕ್ಷರಗಳ ಗುರುತು ಬಂತು. ಜರ್ಮನಿಯ ಲೂಯಿ ಸ್ಪೋರ್ ಬಳಕೆಗೆ ತಂದರೆನ್ನಲಾಗುವ ಈ ಗುರುತುಗಳಿಂದ ‘ಮತ್ತೆ ಡಿ ಅಕ್ಷರದಿಂದ’ ಎಂದರೆ ಸಾಕು, ಅಷ್ಟೂ ಜನ ಒಂದೇ ಜಾಗಕ್ಕೆ ಮರಳುತ್ತಾರೆ. ನಿಲ್ಲಿಸಿ ಮತ್ತೆ ಶುರುಮಾಡುವುದೇ ಕೆಲಸದ ಮುಖ್ಯ ಭಾಗವಾಗಿತ್ತು ಎಂಬುದಕ್ಕೆ ಆ ಅಕ್ಷರಗಳೇ ಸಾಕ್ಷಿ.

ಇದಕ್ಕಿರುವ ಪದಗಳೂ ಕುತೂಹಲದವು. ಇಂಗ್ಲಿಷಿನ ‘ರಿಹರ್ಸಲ್’ ಪದದ ಮೂಲ ಹಳೆಯ ಫ್ರೆಂಚಿನಲ್ಲಿದೆ. ಉತ್ತ ನೆಲಕ್ಕೆ ಮತ್ತೆ ಕುಂಟೆ ಹೊಡೆಯುವುದು ಎಂದು ಅರ್ಥ. ಜರ್ಮನರು ‘ಪ್ರೋಬ’ ಎನ್ನುತ್ತಾರೆ, ಅಂದರೆ ಪರೀಕ್ಷೆ. ನಮ್ಮ ನಾಟಕ ಕಂಪನಿಗಳವರು, ಗರಡಿಯವರು, ಹಿಂದೂಸ್ತಾನಿ ಗಾಯಕರು ಹೇಳುವ ‘ತಾಲೀಮು’ ಅರಬ್ಬಿಯಿಂದ ಬಂದದ್ದು; ಅದಕ್ಕೆ ಕಲಿಸುವುದು ಎಂದೇ ಅರ್ಥ. ವಿದ್ಯಾರ್ಥಿಗೆ ಜಾಗವಿರುವುದು ನಮ್ಮ ಪದದಲ್ಲಿ ಮಾತ್ರ.

ತಾಲೀಮಿನ ಬಾಗಿಲನ್ನು ಸಾರ್ವಜನಿಕರಿಗೆ ತೆರೆದ ಪ್ರಯತ್ನಗಳಲ್ಲಿ ಅಮೆರಿಕದ ಬಾಸ್ಟನ್ ನಗರದ್ದು ಹೆಚ್ಚು ಪಾಠ ಹೇಳುವಂಥದ್ದು. ಅದರ ಹಿಂದಿದ್ದವರೂ ವಿಯೆನ್ನಾದ ಒಬ್ಬ ಹಳೆಯ ವಿದ್ಯಾರ್ಥಿ. ಹೆನ್ರಿ ಲೀ ಹಿಗಿನ್‌ಸನ್ 1850ರ ದಶಕದ ಕೊನೆಯಲ್ಲಿ ಸಂಗೀತಗಾರನಾಗುವ ಆಸೆಯಿಂದ ವಿಯೆನ್ನಾದಲ್ಲಿ ಉಳಿದು ಕಲಿತರು. ಕೈಗೆ ತೊಂದರೆಯಾಯಿತು. ತನಗೆ ಅಷ್ಟು ಪ್ರತಿಭೆ ಇಲ್ಲವೆಂಬುದೂ ಅರಿವಾಯಿತು. ಊರಿಗೆ ಮರಳಿ, ಅಂತರ್ಯುದ್ಧದಲ್ಲಿ ಹೋರಾಡಿ, ಆಮೇಲೆ ಬ್ಯಾಂಕಿಂಗ್ ವ್ಯವಹಾರದಲ್ಲಿ ಹಣ ಮಾಡಿದರು. 1881ರಲ್ಲಿ ಆ ಹಣ ಹಾಕಿ ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದರು.

ಅವರು ಪತ್ರಿಕೆಯಲ್ಲಿ ಪ್ರಕಟಿಸಿದ ಯೋಜನೆ ಸರಳವಾಗಿತ್ತು. ಶನಿವಾರ ಸಂಜೆಗಳಲ್ಲಿ ಒಟ್ಟು 20 ಕಛೇರಿ. ಬಿಡಿ ಟಿಕೆಟ್ 75 ಸೆಂಟ್ ಅಥವಾ 25 ಸೆಂಟ್. ಇದಲ್ಲದೆ ವಾರಕ್ಕೊಂದು ಮಧ್ಯಾಹ್ನ ಸಾರ್ವಜನಿಕ ತಾಲೀಮು. ಅದಕ್ಕೆ ಎಲ್ಲರಿಗೂ 25 ಸೆಂಟ್, ಸೀಟು ಕಾದಿರಿಸುವಂತಿಲ್ಲ, ಮೊದಲು ಬಂದವರು ಮುಂದೆ. ಮೊದಲ ಕಛೇರಿ ಅಕ್ಟೋಬರ್ 22ರಂದು ನಡೆಯಿತು. ಸಂಜೆಯ ಟಿಕೆಟ್ ಕೊಳ್ಳಲಾಗದ ವಿದ್ಯಾರ್ಥಿಗಳು, ಸಂಗೀತದ ಮೇಷ್ಟರುಗಳು, ಕಡಿಮೆ ಸಂಬಳದವರು ಒಳ್ಳೆಯ ಸಂಗೀತ ಕೇಳಲಿ ಎಂಬುದು ಆ ದರದ ಹಿಂದಿನ ಉದ್ದೇಶ. ಹಾಕಿದ್ದು ಅವರದೇ ಹಣ, ನಷ್ಟ ತುಂಬಿದ್ದೂ ಅವರೇ. ಇದನ್ನು ಅವರು ಹತ್ತಿರಹತ್ತಿರ ನಾಲ್ಕು ದಶಕ ಮಾಡಿದರು.

ಶುಕ್ರವಾರ ಮಧ್ಯಾಹ್ನದ ಆ ತಾಲೀಮು ಬಹಳ ಬೇಗ ಜನಪ್ರಿಯವಾಯಿತು. ಸೀಟಿಗಾಗಿ ಸಾಲು ಹತ್ತಿತು. ಆದರೆ ಜನ ತುಂಬಿದಷ್ಟೂ ಅದು ತಾಲೀಮಾಗಿ ಉಳಿಯಲಿಲ್ಲ. ಸಾವಿರಾರು ಜನ ಕೂತಿರುವಾಗ ಯಾವ ಕಂಡಕ್ಟರ್ ನಡುವೆ ನಿಲ್ಲಿಸಿ ‘ಎರಡನೇ ಹಾರ್ನ್, ನೀವು ಶ್ರುತಿ ತಪ್ಪಿದಿರಿ’ ಎಂದಾರು? ಯಾವ ವಾದಕ ಆ ಮಾತನ್ನು ಊರ ಮುಂದೆ ಕೇಳಿಸಿಕೊಂಡಾನು? ಅಲ್ಲದೆ 25 ಸೆಂಟ್ ಕೊಟ್ಟವನಿಗೂ ಕೇಳಬೇಕಾದದ್ದು ಪೂರ್ತಿ ಸಿಂಫನಿಯೇ, ಅದರ ಹನ್ನೆರಡು ಸಾಲನ್ನು ಏಳು ಸಲ ಅಲ್ಲ. ಹೀಗೆ ತಿದ್ದುವ ಕೆಲಸವೆಲ್ಲ ಬಾಗಿಲು ಮುಚ್ಚಿದ ಬೇರೆ ದಿನಗಳಿಗೆ ಸರಿಯಿತು. ಶುಕ್ರವಾರದ್ದು ಹೆಸರಿಗೆ ತಾಲೀಮು, ನಡೆಯುವುದು ಕಛೇರಿ. ಕೊನೆಗೆ ಹೆಸರೂ ಹೋಗಿ ‘ಶುಕ್ರವಾರದ ಕಛೇರಿ’ ಎಂದೇ ಉಳಿಯಿತು.

ಹಿಗಿನ್‌ಸನ್ ಸೋತರು ಎಂದು ಇದರ ಅರ್ಥವಲ್ಲ. ಕಡಿಮೆ ಹಣದಲ್ಲಿ ಒಳ್ಳೆಯ ಸಂಗೀತ ಕೇಳುವ ಜನ ಒಂದು ಊರಿನಲ್ಲಿ ಬೆಳೆದರು. ಅದು ಸಣ್ಣ ಸಾಧನೆಯಲ್ಲ. ಆದರೆ ಕೇಳುಗರಿಗೆ ಬಾಗಿಲು ತೆರೆಯುವುದು ಬೇರೆ, ಕಲಿಯುವವರಿಗೆ ತೆರೆಯುವುದು ಬೇರೆ ಎಂಬುದನ್ನು ಬಾಸ್ಟನ್ ತೋರಿಸಿಕೊಟ್ಟಿತು. ಒಂದೇ ಬಾಗಿಲಲ್ಲಿ ಇಬ್ಬರನ್ನೂ ಬಿಟ್ಟರೆ ಕಲಿಯುವವನಿಗೆ ಬೇಕಾದದ್ದು ಸದ್ದಿಲ್ಲದೆ ಹಿಂದಿನ ಕೋಣೆಗೆ ಹೋಗಿಬಿಡುತ್ತದೆ.

ಬಾಗಿಲು ಮುಚ್ಚಿಯೇ ಇರಲು ಇನ್ನೊಂದು ಕಾರಣ ಹಣ. 80 ಜನ ವೃತ್ತಿನಿರತರ ಒಂದು ಗಂಟೆ ಎಂದರೆ 80 ಗಂಟೆಯ ಸಂಬಳ. ನಮ್ಮ ಸಾಫ್ಟ್‌ವೇರ್ ಲೋಕದಲ್ಲಿ ಮೀಟಿಂಗ್‌ಗೆ ಹಾಕುವ ಲೆಕ್ಕವೇ. ಹಾಗಾಗಿ ತಾಲೀಮಿನಲ್ಲಿ ಒಂದು ನಿಮಿಷವನ್ನೂ ಕಳೆಯಲು ಯಾರೂ ಒಪ್ಪುವುದಿಲ್ಲ. ಕಡಿಮೆ ತಾಲೀಮಿನಲ್ಲಿ, ಹಾಳೆ ನೋಡಿದ ಕೂಡಲೇ ನುಡಿಸಿ ಕಛೇರಿ ದಾಟಿಸುವುದರಲ್ಲಿ ಲಂಡನ್ನಿನ ವಾದಕರದು ಎತ್ತಿದ ಕೈ ಎಂದು ಪ್ರಸಿದ್ಧಿ. ಅದು ಅವರ ಜಾಣತನವೂ ಹೌದು, ಬಡತನವೂ ಹೌದು.

ಮೈಸೂರು ಈ ಕಥೆಯೊಳಗೆ ಬರುವುದು ಇಲ್ಲಿ. 1945ರಲ್ಲಿ ವಾಲ್ಟರ್ ಲೆಗ್ ಎಂಬವರು ಲಂಡನ್ನಿನಲ್ಲಿ ಫಿಲ್ಹಾರ್ಮೋನಿಯಾ ಎಂಬ ಹೊಸ ಆರ್ಕೆಸ್ಟ್ರಾ ಕಟ್ಟಿದರು. ಯುದ್ಧ ಮುಗಿದ ಹೊಸತು, ಹಣಕ್ಕೆ ತತ್ವಾರ. ಆಗ ನೆರವಿಗೆ ಬಂದವರು ಜಯಚಾಮರಾಜೇಂದ್ರ ಒಡೆಯರ್. ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ಅದೇ ಮಹಾರಾಜರು ಪಿಯಾನೊವನ್ನೂ ಶ್ರದ್ಧೆಯಿಂದ ಕಲಿತವರು. ರಷ್ಯನ್ ಸಂಯೋಜಕ ನಿಕೊಲಾಯ್ ಮೆಡ್ಟ್ನರ್ ವಯಸ್ಸಾಗಿ ಲಂಡನ್ನಿನಲ್ಲಿ ಎಲೆಮರೆಯಲ್ಲಿದ್ದಾಗ, ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರೂ ಇವರೇ. ಮೆಡ್ಟ್ನರ್ ತಮ್ಮ ಮೂರನೇ ಪಿಯಾನೊ ಕಾನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿದ್ದಾರೆ. 1948ರಲ್ಲಿ ಒಡೆಯರ್ ಫಿಲ್ಹಾರ್ಮೋನಿಯಾ ಕಛೇರಿ ಸಂಘದ ಮೊದಲ ಅಧ್ಯಕ್ಷರಾದರು. ಮೂರು ವರ್ಷ, ವರ್ಷಕ್ಕೆ 10,000 ಪೌಂಡ್‌ನಂತೆ ಅವರು ನೆರವಾದರೆಂದು ಲೆಗ್ ಬರೆದುಕೊಂಡಿದ್ದಾರೆ. ರಿಚರ್ಡ್ ಸ್ಟ್ರಾಸ್‌ರ ಕೊನೆಯ ನಾಲ್ಕು ಹಾಡುಗಳು ಲಂಡನ್ನಿನಲ್ಲಿ 1950ರ ಮೇ 22ರಂದು ಮೊದಲ ಸಲ ಕೇಳಿಬಂದದ್ದು ಫಿಲ್ಹಾರ್ಮೋನಿಯಾದ ಕಛೇರಿಯಲ್ಲೇ. ಅದಕ್ಕೂ ಮಹಾರಾಜರ ಬೆಂಬಲವಿತ್ತು.

ಆರ್ಕೆಸ್ಟ್ರಾಕ್ಕೆ ಹಣ ಬಂತೆಂದರೆ ಮುಖ್ಯವಾಗಿ ಸಮಯ ಬಂತೆಂದೇ ಅರ್ಥ. ಯಾವುದೇ ಹಳೆಯ ಧ್ವನಿಮುದ್ರಿಕೆ ಕೇಳಿ ‘ಆಹಾ’ ಎನ್ನುವಾಗ ನಮಗೆ ಕೇಳಿಸುತ್ತಿರುವುದರಲ್ಲಿ ಒಂದು ಪಾಲು, ಯಾರೋ ಹಣ ಕೊಟ್ಟು ಕೊಡಿಸಿದ ಆ ಹೆಚ್ಚುವರಿ ಗಂಟೆಗಳು. ಹೀಗೆ ಕಷ್ಟಪಟ್ಟು ಹೊಂದಿಸಿದ ಗಂಟೆಗಳಲ್ಲಿ ಕುತೂಹಲಕ್ಕೆ ಬಂದವರನ್ನು ಕೂರಿಸಿಕೊಳ್ಳಲು ಮನಸ್ಸಾಗದಿದ್ದರೆ ಅದನ್ನು ಬರೀ ಅಹಂಕಾರ ಎನ್ನಲಾಗದು.

ಹಾಗಾದರೆ ವಿದ್ಯಾರ್ಥಿಯ ಗತಿ? ಬಾಸ್ಟನ್ ಆರ್ಕೆಸ್ಟ್ರಾವೇ ಇದಕ್ಕೆ ಇನ್ನೊಂದು ಉತ್ತರ ಕೊಟ್ಟಿತು. ಅದರ ಬೇಸಿಗೆಯ ಬೀಡು ಟ್ಯಾಂಗಲ್‌ವುಡ್, ಮ್ಯಾಸಚೂಸೆಟ್ಸ್‌ನ ಪಶ್ಚಿಮದ ಗುಡ್ಡಗಳ ನಡುವೆ ಇದೆ. ಆಗಿನ ಕಂಡಕ್ಟರ್ ಸರ್ಜ್ ಕೂಸೆವಿಟ್‌ಸ್ಕಿ 1940ರಲ್ಲಿ ಅಲ್ಲೊಂದು ಶಾಲೆ ತೆರೆದರು. ಬೇಸಿಗೆಯ ಕೆಲವು ವಾರ ವಿದ್ಯಾರ್ಥಿಗಳು ಅಲ್ಲೇ ಉಳಿದು, ತಮ್ಮದೇ ಆರ್ಕೆಸ್ಟ್ರಾದಲ್ಲಿ ನುಡಿಸುತ್ತ, ಅದನ್ನು ನಡೆಸುತ್ತ, ದೊಡ್ಡವರ ತಾಲೀಮನ್ನೂ ನೋಡುತ್ತಾರೆ. ನಿನ್ನೆ ತಾನು ಒದ್ದಾಡಿದ ಜಾಗವನ್ನು ಇಂದು ದೊಡ್ಡವರು ಹೇಗೆ ಬಿಡಿಸುತ್ತಾರೆಂದು ನೋಡುವವನ ಕಣ್ಣೇ ಬೇರೆ. 1958ರಲ್ಲಿ ಮೆಹ್ತಾ, ಅಬ್ಬಾಡೊ ಇಬ್ಬರೂ ಅಲ್ಲಿದ್ದರು. ಕೂಸೆವಿಟ್‌ಸ್ಕಿ ಹೆಸರಿನ ಬಹುಮಾನ ಅಬ್ಬಾಡೊಗೆ ಬಂತು, ಎರಡನೆಯದು ಮೆಹ್ತಾರಿಗೆ. ಅದೇ ವರ್ಷ ಮೆಹ್ತಾ ಲಿವರ್‌ಪೂಲ್ ಸ್ಪರ್ಧೆಯನ್ನೂ ಗೆದ್ದರು. ಮುಂದಿನ ಅರ್ಧ ಶತಮಾನ ಲಾಸ್ ಏಂಜಲೀಸ್, ನ್ಯೂಯಾರ್ಕ್, ಮಿಲಾನ್, ಬರ್ಲಿನ್ ಎಂದು ಇಬ್ಬರ ಹೆಸರೂ ಎಲ್ಲೆಡೆ ಕೇಳಿಬಂತು.

ಇಂದು ಜಗತ್ತಿನ ಅನೇಕ ಆರ್ಕೆಸ್ಟ್ರಾಗಳು ಶಾಲೆ ಕಾಲೇಜಿನವರನ್ನು ತಾಲೀಮಿಗೆ ಕರೆಯುತ್ತವೆ. ಅವುಗಳಲ್ಲಿ ಎರಡು ಬಗೆ. ಒಂದು, ಕಛೇರಿಗೆ ಮುಂಚಿನ ಕೊನೆಯ ತಾಲೀಮು. ಬಹುತೇಕ ನಿಲ್ಲದೆ ಸಾಗುತ್ತದೆ, ಬಾಸ್ಟನ್ನಿನ ಶುಕ್ರವಾರದ ಹಾಗೆ. ಇನ್ನೊಂದು, ಕೆಲಸ ನಡೆಯುತ್ತಿರುವ ತಾಲೀಮು. ಇಲ್ಲಿ ಅಂಗಿ ತೋಳು ಮಡಚಿದ ವಾದಕರು, ಪ್ರತಿ ಸ್ಟ್ಯಾಂಡಿನ ಮೇಲೂ ಒಂದು ಪೆನ್ಸಿಲ್, ಐದು ನಿಮಿಷಕ್ಕೊಮ್ಮೆ ನಿಲುಗಡೆ. ಮೊದಲ ಸಲ ಹೋದವರಿಗೆ ಇದು ಬೇಜಾರು ಹಿಡಿಸಬಹುದು. ಅದೇ ನಾಲ್ಕು ಸಾಲು ಮತ್ತೆ ಮತ್ತೆ ಕೇಳುವಾಗ, ಮೂರನೆಯ ಸಲಕ್ಕೂ ನಾಲ್ಕನೆಯ ಸಲಕ್ಕೂ ಏನು ಬದಲಾಯಿತು ಎಂದು ಕಿವಿಗೆ ಹೊಳೆಯಿತೋ, ಹೋದದ್ದು ಸಾರ್ಥಕ. ಅದಕ್ಕೇ ವಿದ್ಯಾರ್ಥಿಗಳನ್ನು ಕಳಿಸುವ ಒಳ್ಳೆಯ ಮೇಷ್ಟರುಗಳು ಸ್ವರಲಿಪಿಯನ್ನು ಕೈಯಲ್ಲಿ ಕೊಟ್ಟು ಕಳಿಸುತ್ತಾರೆ.

ನಮ್ಮ ಸಂಗೀತದಲ್ಲಿ ಈ ಬಾಗಿಲು ಹೇಗಿತ್ತು? ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರ್ ದೂರದ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಪಾಠಕ್ಕೆ ಬಂದುಹೋಗುತ್ತಿದ್ದರು. ಭೀಮಸೇನ ಜೋಶಿ ಗುರುಗಳ ಮನೆಯಲ್ಲೇ ಉಳಿದು, ನೀರು ಹೊತ್ತು, ಮನೆಗೆಲಸ ಮಾಡಿ ಕಲಿತವರು. ಆ ಪದ್ಧತಿಯಲ್ಲಿ ಪಾಠ ಹೇಳಿದ ಗಂಟೆಗಿಂತ, ಗುರುಗಳು ತಮ್ಮಷ್ಟಕ್ಕೆ ಹಾಡಿಕೊಳ್ಳುವಾಗ, ಬೇರೆ ಶಿಷ್ಯರನ್ನು ತಿದ್ದುವಾಗ ಕಿವಿಗೆ ಬಿದ್ದದ್ದೇ ಹೆಚ್ಚು. ಕಛೇರಿಯಲ್ಲೂ ಶಿಷ್ಯರಿಗೆ ಜಾಗ ಗುರುಗಳ ಹಿಂದೆ, ತಂಬೂರಿ ಹಿಡಿದು. 1953ರಿಂದ ಪುಣೆಯಲ್ಲಿ ನಡೆಯುತ್ತಿರುವ ಸವಾಯಿ ಗಂಧರ್ವ ಉತ್ಸವಕ್ಕೆ ಹೋಗುವ ನಮ್ಮ ಓದುಗರಿಗೆ ಆ ತಂಬೂರಿಯ ಜಾಗ ಚೆನ್ನಾಗಿ ಗೊತ್ತು. ಸಿಂಗ್‌ಫೆರೈನ್‌ನ ಬೇಸ್ ಸಾಲು ಅದರ ವಿಯೆನ್ನಾ ರೂಪ ಎಂದರೆ ತಪ್ಪಾಗಲಾರದು. ಎರಡೂ ಕಡೆ ಕಲಿಯುವವನಿಗೆ ಒಂದು ಸಣ್ಣ ಕೆಲಸವಿದೆ. ಅದು ಕೆಟ್ಟರೆ ಎಲ್ಲರಿಗೂ ಕೇಳಿಸುತ್ತದೆ. ಸರಿಯಾದರೆ ಯಾರೂ ಗಮನಿಸುವುದಿಲ್ಲ.

ಆದರೆ ಈ ಪದ್ಧತಿಯ ಇನ್ನೊಂದು ಮುಖವನ್ನು ಮರೆಯಬಾರದು. ಗುರುವಿನ ಮನೆಯ ಬಾಗಿಲು ಕೆಲವರಿಗೆ ಮಾತ್ರ ತೆರೆಯುತ್ತಿತ್ತು. ಮೆಹ್ತಾ ಕೂಡ ಬರಿಗೈಯಲ್ಲಿ ಹೋದವರಲ್ಲ. ಅವರ ತಂದೆ ಮೆಹ್ಲಿ ಮೆಹ್ತಾ 1935ರಲ್ಲಿ ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದ ಪಿಟೀಲುವಾದಕರು. ಹುಡುಗ ಬೆಳೆದದ್ದೇ ತಾಲೀಮಿನ ಸದ್ದು ಕೇಳುತ್ತ. ಮನೆಯಲ್ಲಿ ಆ ಸದ್ದು ಇಲ್ಲದವರಿಗೆ ಹಿಗಿನ್‌ಸನ್‌ರ 25 ಸೆಂಟಿನ ಬಾಗಿಲೇ ಮೊದಲ ಬಾಗಿಲು. ಅದರ ಮಿತಿಯನ್ನು ಹೇಳುವಾಗ ಈ ಮಾತನ್ನೂ ಸೇರಿಸಿ ಹೇಳಬೇಕು.

ನಾನು ಈ ವಿಷಯದ ಹಿಂದೆ ಬೀಳಲು ನನ್ನ ವೃತ್ತಿಯೂ ಕಾರಣ. ಸಾಫ್ಟ್‌ವೇರ್ ಪ್ರಾಜೆಕ್ಟುಗಳಲ್ಲಿ ಹೊಸಬರು ಕಲಿಯುವುದು ಗ್ರಾಹಕರ ಮುಂದೆ ಕೊಡುವ ಡೆಮೊದಲ್ಲಲ್ಲ. ಅದಕ್ಕೂ ಮೊದಲು ನಾಲ್ಕು ಜನ ಕೂತು ಒಬ್ಬರ ಕೋಡನ್ನು ತಿದ್ದುವ ರಿವ್ಯೂನಲ್ಲಿ. ಆ ರಿವ್ಯೂಗೆ ನಾಲ್ಕು ಜನರ ಬದಲು ನಲವತ್ತು ಜನರನ್ನು, ಜೊತೆಗೆ ಮೇಲಿನವರನ್ನೂ ಕರೆಯಿರಿ. ಅರ್ಧ ಗಂಟೆಯಲ್ಲಿ ಅದು ಡೆಮೊ ಆಗಿರುತ್ತದೆ. ಯಾರೂ ನಿಜವಾದ ತಪ್ಪನ್ನು ತೋರಿಸುವುದಿಲ್ಲ. ಬಾಸ್ಟನ್ನಿನ ಶುಕ್ರವಾರ ಇಂದಿಗೂ ಹೀಗೆ ಮರುಕಳಿಸುತ್ತದೆ. ಮನೆಯಿಂದಲೇ ಕೆಲಸ ಮಾಡುವ ಈ ಕಾಲದಲ್ಲಿ ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಹಿರಿಯರ ಮುಗಿದ ಕೆಲಸ ಬೇಕಾದಷ್ಟು ಕಾಣುತ್ತದೆ. ಹಿರಿಯರು ಅನುಮಾನಿಸುವುದು, ಅಳಿಸುವುದು, ಮತ್ತೆ ಶುರುಮಾಡುವುದು ಕಾಣುವುದಿಲ್ಲ. ಸಂಗೀತ ಕಲಿಯುವ ಮಕ್ಕಳ ಪಾಡೂ ಅದೇ. ಯೂಟ್ಯೂಬಿನಲ್ಲಿ ಜಗತ್ತಿನ ಎಲ್ಲ ಕಛೇರಿಗಳೂ ಇವೆ, ಎಲ್ಲವೂ ತಿದ್ದಿ ಮುಗಿಸಿದವು. ಅವನ್ನಷ್ಟೇ ನೋಡಿದ ಮಗು, ದೊಡ್ಡವರು ತಪ್ಪೇ ಮಾಡುವುದಿಲ್ಲ, ತಾನು ಮಾತ್ರ ಮಾಡುತ್ತೇನೆ ಎಂದುಕೊಂಡರೆ ಆಶ್ಚರ್ಯವಿಲ್ಲ.

ಅಬ್ಬಾಡೊ ಮುಂದೆ ಯುವಕರಿಗಾಗಿಯೇ ಆರ್ಕೆಸ್ಟ್ರಾಗಳನ್ನು ಕಟ್ಟಿದರು. ಅವುಗಳಲ್ಲಿ ಒಂದಾದ ಗುಸ್ತಾವ್ ಮಾಹ್ಲರ್ ಯುವ ಆರ್ಕೆಸ್ಟ್ರಾ 1986ರಲ್ಲಿ ಶುರುವಾದದ್ದು ವಿಯೆನ್ನಾದಲ್ಲೇ. ಮೂವತ್ತು ವರ್ಷದ ಹಿಂದೆ ತಾವು ಗಾಯಕರ ಸಾಲು ಹಿಡಿದು ಒಳಗೆ ಹೋಗಬೇಕಾಗಿದ್ದ ಊರಿನಲ್ಲಿ, ಬೇರೆ ಬೇರೆ ದೇಶಗಳ ಎಳೆಯರನ್ನು ತಾಲೀಮಿಗೆ ಕೂರಿಸಿದರು, ಅವರವರ ವಾದ್ಯ ಅವರವರ ಕೈಯಲ್ಲಿ ಕೊಟ್ಟು.